ತೊಲೆ ಎತ್ತಿದವರು

ಹೊಳೆ ನಮ್ಮ ಮನೆ ಕೆಡವಿದ್ದಕ್ಕೆ ನನಗೆ ಹೊಳೆಯ ಮೇಲೆ ಸಿಟ್ಟಿಲ್ಲ. ಘಟಪ್ರಭೆಗೆ ಮುಖ ನೋಡಿ ಮಣೆ ಹಾಕುವ ಬುದ್ಧಿ ಇಲ್ಲ. ಗೌಡರ ದೊಡ್ಡ ವಾಡೆಗೂ ನುಗ್ಗಿತು, ನಮ್ಮ ಮೂರು ಅಂಕಣದ ಮನೆಗೂ ನುಗ್ಗಿತು, ಕೇರಿಯ ಗುಡಿಸಲುಗಳಿಗೂ ನುಗ್ಗಿತು. ನನ್ನ ಸಿಟ್ಟೆಲ್ಲ ನೀರು ಇಳಿದ ಮೇಲಿನದು. ನೆರೆ ಬಂದಾಗ ಊರು ಒಂದಾಯಿತು, ಒಂದಾದದ್ದಕ್ಕೇ ಮತ್ತೆ ಎದ್ದು ನಿಂತಿತು ಅಂತ ನಮ್ಮೂರಿನವರು ಈಗಲೂ ಎದೆ ಉಬ್ಬಿಸಿ ಹೇಳುತ್ತಾರೆ. ಸುಳ್ಳಲ್ಲ. ಒಂದಾದದ್ದು ಖರೆ, ಎದ್ದು ನಿಂತದ್ದೂ ಖರೆ. ಯಾರ ಹೆಗಲ ಮೇಲೆ ಕಾಲಿಟ್ಟು ಎದ್ದಿತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಣ್ಣಾರೆ ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ, ಅದಕ್ಕೆ ಹೇಳುತ್ತೇನೆ, ನನ್ನ ಪಾಲಿನ ಹೊಲಸನ್ನೂ ಸೇರಿಸಿ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು, ನಾವಿನ್ನೂ ಮುಂಬಯಿ ಸರಕಾರದ ಕೈಕೆಳಗಿದ್ದೆವು. ಮಸಗುಪ್ಪಿಯಿಂದ ಹೊಳೆಗುಂಟ ನಡೆದರೆ ಸಿಗುವ ಊರುಗಳಲ್ಲಿ ನಮ್ಮದೂ ಒಂದು. ಹೆಸರು ಬೇಡ. ನಾನು ಯಮಕನಮರಡಿಯಿಂದ ಆ ಊರಿಗೆ ಸೊಸೆಯಾಗಿ ಬಂದವಳು. ಮನೆಯಲ್ಲಿ ಅತ್ತೆ, ಗಂಡ, ಮೂರು ವರ್ಷದ ಮಗಳು, ಮತ್ತು ನನ್ನ ಹೊಟ್ಟೆಯಲ್ಲಿ ಆರು ತಿಂಗಳದ್ದೊಂದು.

ಶ್ರಾವಣದಲ್ಲಿ ಮಟಮಟ ಮಧ್ಯಾಹ್ನ ನೀರು ಬಂತು. ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಅಂಗಳ ತುಂಬಿತ್ತು. ಊರಿಗೆಲ್ಲ ಎತ್ತರದ ಜಾಗವೆಂದರೆ ಗುಡಿ ಇದ್ದ ದಿಬ್ಬ. ಊರವರೆಲ್ಲ ಗುಡಿಯ ಪೌಳಿಯೊಳಗೆ ಸೇರಿಕೊಂಡೆವು. ಕೇರಿಯವರು ಪೌಳಿ ಗೋಡೆಯ ಹೊರಗೆ, ಅದೇ ದಿಬ್ಬದ ಮೇಲೆ, ಮಳೆಯಲ್ಲಿ ಕೂತರು. ಆಗ ಅದು ನನಗೆ ವಿಚಿತ್ರ ಅನಿಸಲೇ ಇಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದರೆ ನಮ್ಮ ಮನೆ ಇದ್ದಲ್ಲಿ ಒಂದು ಮಣ್ಣಿನ ಗುಡ್ಡೆ, ಅದರೊಳಗಿಂದ ಚಾಚಿಕೊಂಡ ತೊಲೆಗಳು. ನಮ್ಮ ಕಡೆಯ ಮನೆಗಳೇ ಹಾಗೆ. ಗೋಡೆ ಮಣ್ಣಿನದು, ಮೇಲೆ ತೊಲೆ ಜಂತೆ ಇಟ್ಟು ಮಣ್ಣು ಹಾಕಿ ಬಡಿದ ಮಾಳಿಗೆ. ಬಿಸಿಲಿಗೆ ಕಲ್ಲಿನ ಹಾಗೆ ನಿಲ್ಲುತ್ತವೆ, ನಿಂತ ನೀರಿಗೆ ಬೆಲ್ಲದ ಹಾಗೆ ಕರಗುತ್ತವೆ.

ಪೌಳಿಯಲ್ಲಿ ಮಲಗಬಹುದಿತ್ತು, ನುಚ್ಚು ಬೇಯಿಸಿ ತಿನ್ನಬಹುದಿತ್ತು. ಹೆರುವಂತಿರಲಿಲ್ಲ. ದೇವರ ಜಾಗ, ಮೈಲಿಗೆ. ದಿವಸ ತುಂಬಿದ ಹೆಂಗಸು ಅಲ್ಲಿಂದ ಎದ್ದು ಹೋಗಬೇಕು. ಎಲ್ಲಿಗೆ? ತವರಿನಲ್ಲಿ ಅವ್ವ ಸತ್ತು ಹೋಗಿದ್ದಳು. ಅಣ್ಣನ ಹೆಂಡತಿಯ ಸಿಂಡರಿಸಿದ ಮುಖ ನೋಡುತ್ತ ಬಾಣಂತನ ಮಾಡಿಸಿಕೊಳ್ಳುವುದು ನನ್ನ ಜಾಯಮಾನಕ್ಕೆ ಆಗದ ಮಾತು. ಕೇರಿಯ ಸೂಲಗಿತ್ತಿ ಪೌಳಿಯ ಹೊರಗೆ ಮರದ ಕೆಳಗೆ ನನ್ನ ಹೊಟ್ಟೆ ಮುಟ್ಟಿ ನೋಡಿ, "ಗೌರಿ ಹುಣ್ಣಿವಿ ದಾಟಂಗಿಲ್ಲ ಮಗಳ" ಅಂದಿದ್ದಳು. ನಾವೆಲ್ಲ ಅವಳಿಗೆ ಆಯಿ ಅನ್ನುತ್ತಿದ್ದೆವು. ನನ್ನ ಮಗಳನ್ನು ಎತ್ತಿ ಹಿಡಿದವಳೂ ಅವಳೇ. ದೀಪಾವಳಿಯ ಬೆನ್ನಿಗೆ ಬರುವ ಆ ಹುಣ್ಣಿಮೆಯೊಳಗೆ ನನ್ನ ತಲೆಯ ಮೇಲೆ ಒಂದು ಮಾಳಿಗೆ ಬೇಕಿತ್ತು. ಆ ಮೂರು ತಿಂಗಳು ನಾನು ಬೇರೆ ಏನನ್ನೂ ಯೋಚಿಸಲಿಲ್ಲ.

ಚಾವಡಿಯಲ್ಲಿ ಊರು ಸೇರಿತು. ಆಳಿಟ್ಟು ಮನೆ ಕಟ್ಟಿಸಲು ಯಾರ ಬಳಿಯೂ ಕಾಳಿರಲಿಲ್ಲ. ಊರ ಗೌಡರು ಎದ್ದು, "ಈ ವರ್ಷ ಕೂಲಿ ಇಲ್ಲ, ಪಗಾರ ಇಲ್ಲ. ಎಲ್ಲಾ ಮುಯ್ಯಿ. ಆಳಿಗೆ ಆಳು, ದಿನಕ್ಕ ದಿನ" ಅಂದರು. ಮುಯ್ಯಿ ನಮ್ಮಲ್ಲಿ ಹಳೆಯ ಪದ್ಧತಿ. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ. ತೀರಿಸದವನನ್ನು ಊರು ಮೂಸಿ ನೋಡುವುದಿಲ್ಲ. ಚಾವಡಿಯ ಮೆಟ್ಟಿಲ ಕೆಳಗೆ ಕೇರಿಯ ಗಂಡಸರು ನಿಂತಿದ್ದರು. ಅವರ ಹಿರಿಯ, ನಮ್ಮ ಸೂಲಗಿತ್ತಿ ಆಯಿಯ ಗಂಡ, ಕೈ ಮುಗಿದು ಕೇಳಿದ: "ನಮ್ಮ ಕೇರಿಗೂ ಇದ ಮಾತ ಅಲ್ರಿ, ಗೌಡ್ರ?"

"ಏನ್ ಕೇಳ್ತೀಯೋ ಮುದಕಾ! ಹೊಳಿ ನಿಮ್ಮನ್ನ ಬ್ಯಾರೆ, ನಮ್ಮನ್ನ ಬ್ಯಾರೆ ಮಾಡೇತೇನು? ಊರಂದ್ರ ಒಂದ ಮನಿ" ಅಂದರಂತೆ ಗೌಡರು.

ನನ್ನ ಗಂಡ ಬಂದು ಇದನ್ನು ಹೇಳಿದಾಗ ಅವರ ಮುಖ ಅರಳಿತ್ತು. "ನೋಡು, ನೆರಿ ಬಂದು ಒಂದು ಛಲೋ ಕೆಲಸ ಮಾಡೇತಿ" ಅಂದರು. ಅವರು ಮೆತ್ತಗಿನ ಮನುಷ್ಯ. ನಾಲ್ಕು ಮಾತು ಆಡುವ ಕಡೆ ಒಂದು ಆಡುವವರು. ಆದರೆ ಕಿವಿಗೆ ಬಿದ್ದ ಮಾತನ್ನು ಇದ್ದದ್ದಿದ್ದ ಹಾಗೇ ನಂಬಿಬಿಡುವ ರೋಗ ಅವರಿಗಿತ್ತು. ನನಗೆ ಆ ರೋಗವಿರಲಿಲ್ಲ, ಆದರೂ ನಾನು ನಕ್ಕೆ. ನನಗೆ ಮಾಳಿಗೆಯಾದರೆ ಸಾಕಿತ್ತು.

ಕೆಲಸ ಶುರುವಾಯಿತು. ಮೊದಲು ಗೌಡರ ವಾಡೆ, ಅದನ್ನು ಬೇರೆ ಹೇಳಬೇಕೆ. ಮಣ್ಣಿನ ಗೋಡೆಯನ್ನು ಒಂದೇ ಸಲ ಏರಿಸಲಾಗದು. ಮೊಳದೆತ್ತರ ಇಟ್ಟು, ಒಣಗಲು ಬಿಟ್ಟು, ಅಷ್ಟರಲ್ಲಿ ಮುಂದಿನ ಮನೆಗೆ ಹೋಗಬೇಕು. ಹೀಗೆ ಊರಿನ ಮನೆಗಳೆಲ್ಲ ಒಂದೇ ಸಮ ಏಳತೊಡಗಿದವು. ಗುಂಡಿಯಲ್ಲಿ ಮಣ್ಣು, ಹೊಟ್ಟು, ನೀರು ಹಾಕಿ ಗಂಡಸರು ಸಾಲಾಗಿ ನಿಂತು ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿ ತುಳಿಯುತ್ತಿದ್ದರು. ಹಾಗೆ ಹಿಡಿದುಕೊಳ್ಳದಿದ್ದರೆ ಕಾಲು ಜಾರುತ್ತದೆ. ಕೇರಿಯವರಿಗೆ ಬೇರೆ ಗುಂಡಿ. ಅವರು ತುಳಿದ ಮಣ್ಣು ನಮ್ಮ ಗೋಡೆಗೆ ನಡೆಯುತ್ತಿತ್ತು, ಅವರ ಹೆಗಲು ನಡೆಯುತ್ತಿರಲಿಲ್ಲ. ಹೊಳೆಯಿಂದ ನೀರು ಹೊರುವವರು ಅವರು, ಕೆಸರಿನಲ್ಲಿ ಹೂತ ತೊಲೆ ಎಳೆಯುವವರು ಅವರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ನಮ್ಮೂರಲ್ಲಿ ಕೆಸರು ಅವರ ಕೈಗೆ, ಮೊಸರು ನಮ್ಮ ಬಾಯಿಗೆ. ನಮ್ಮ ಗೋಡೆಗೆ ಅವರು ಐದು ದಿನ ತುಳಿದರು. ಆ ಐದೂ ದಿನ ನಾನು ಮಣ್ಣಿಗೆ ಹೊಟ್ಟು ಚೆಲ್ಲುತ್ತ ಅಲ್ಲೇ ಕೂತಿದ್ದೆ.

ದೀಪಾವಳಿಯ ಹೊತ್ತಿಗೆ ಊರಿನ ಮನೆಗಳ ಗೋಡೆಗಳೆಲ್ಲ ಆಗಿ, ಒಂದೊಂದಕ್ಕೇ ಮಾಳಿಗೆ ಏರತೊಡಗಿತು. ಕೇರಿಯ ಪಾಳಿ ಮಾತ್ರ ಬರಲಿಲ್ಲ. ಅವರ ಹಿರಿಯ ಮನೆ ಮನೆಗೂ ಬಂದು ಕೇಳಿದ. ಒಬ್ಬರು ಬಿತ್ತಿಗೆ ಮುಗಿಯಲಿ ಅಂದರು, ಇನ್ನೊಬ್ಬರು ಸುಗ್ಗಿ ಆಗಲಿ ಅಂದರು. "ನಿಮ್ಮ ಗುಡಿಸಲಕ್ಕ ಮುಯ್ಯಿ ಯಾಕಬೇಕೊ, ನಾಕು ಸಿವುಡ ಜೋಳದ ಕಣಿಕಿ ಹೊಚ್ಚಿದ್ರ ಆತು" ಅಂತ ಒಬ್ಬರು ನಕ್ಕರಂತೆ.

ಅವನು ನಮ್ಮ ಮನೆಗೆ ಬಂದು ಕೇಳಿದ ಮರುದಿನ ಬೆಳಿಗ್ಗೆ ನನ್ನ ಗಂಡ ಸಲಿಕೆ ಹೆಗಲಿಗೇರಿಸಿದರು. ಅತ್ತೆಗೆ ಕೂಡಲೇ ವಾಸನೆ ಹತ್ತಿತು. "ನಿನಗೇನು ಹುಚ್ಚ ಹಿಡದೈತೇನು? ಅವರ ಕೇರ್ಯಾಗ ಹೋಗಿ ಮಣ್ಣ ತುಳೀತಿ?"

"ಅವರು ನಮ್ಮ ಗೋಡಿಗೆ ಐದ ದಿನಾ ತುಳದಾರಬೇ. ನಾನೂ ಐದ ದಿನಾ ತುಳೀಬೇಕು. ಮುಯ್ಯಿ ಅಂದ್ರ ಮುಯ್ಯಿ."

ಹೋದರು. ಊರಬಾಗಿಲ ಅಗಸಿ ದಾಟಿ, ಚಾವಡಿಯ ಮುಂದೆ, ಎಲ್ಲರೂ ನೋಡುವ ಹಾಗೆ. ಕೇರಿಯ ಗುಂಡಿಯಲ್ಲಿ ಇಳಿದು, ಆ ಹಿರಿಯನ ಹೆಗಲ ಮೇಲೆ ಕೈ ಹಾಕಿ ಸಂಜೆಯವರೆಗೆ ತುಳಿದರು. ಉಂಡದ್ದಿಲ್ಲ, ಕುಡಿದದ್ದಿಲ್ಲ, ಹೆಗಲು ಹಿಡಿದದ್ದಷ್ಟೇ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ಅದರ ಮರುದಿನವೇ ನಮ್ಮ ಮಾಳಿಗೆಯ ಪಾಳಿ. ಹುಣ್ಣಿಮೆಗೆ ಒಂದು ವಾರವಿತ್ತು. ನಾನೂ ಅತ್ತೆಯೂ ನಸುಕಿನಲ್ಲಿ ಎದ್ದು ಬರುವ ಮಂದಿಗೆಲ್ಲ ಸಾಕಾಗುವಷ್ಟು ರೊಟ್ಟಿ ಬಡಿದೆವು, ಪುಂಡಿ ಪಲ್ಯ ಮಾಡಿದೆವು, ಕಾರ ಹಿಂಡಿ ಕುಟ್ಟಿದೆವು. ಬಿಸಿಲು ಏರಿತು. ಒಬ್ಬರೂ ಬರಲಿಲ್ಲ. ನಡುತೊಲೆ ಎತ್ತಲು ಏನಿಲ್ಲವೆಂದರೂ ಹತ್ತು ಜನ ಬೇಕು, ಗಂಡ ಒಬ್ಬರೇ ಅದರ ಪಕ್ಕ ಕೂತಿದ್ದರು. ಅತ್ತೆ ಸೆರಗು ಬಿಗಿದು ಮನೆ ಮನೆ ತಿರುಗಿದಳು. ಒಬ್ಬನಿಗೆ ಮೈಯಲ್ಲಿ ಆರಾಮಿಲ್ಲ, ಒಬ್ಬನ ಎತ್ತು ಕುಂಟುತ್ತಿದೆ, ಒಬ್ಬ "ನಾಳಿ ನೋಡೂಣು" ಅಂದ. ಒಬ್ಬ ಹೆಂಗಸು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಅಂದಳಂತೆ: "ನಿನ್ನ ಮಗ ಕೇರಿಯವರ ಹೆಗಲ ಹಿಡದಾನಲ್ಲ, ನಿಮ್ಮ ತೊಲಿ ಅವರ ಎತ್ತಲಿ ತಗೊ." ಆ ಹೆಂಗಸಿನ ಮನೆಯ ತೊಲೆಗೆ ನನ್ನ ಗಂಡ ಹೆಗಲು ಕೊಟ್ಟು ಮೂರು ದಿನವಾಗಿತ್ತಷ್ಟೇ, ಹೆಗಲ ಮೇಲಿನ ಗಾಯ ಇನ್ನೂ ಹಸಿ ಇತ್ತು. ನಾನು ರೊಟ್ಟಿಯ ಬುಟ್ಟಿಯ ಮುಂದೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಹೊಟ್ಟೆ ಉರಿದು. ಇವರ ವಂಶ ಹಾಳಾಗಲಿ ಅಂತ ಬಾಯಿಬಿಟ್ಟು ಬೈದೆ, ಗಂಡನಿಗೂ ಬೈದೆ.

ಹೊತ್ತು ನೆತ್ತಿಗೆ ಬರುವಾಗ ಕೇರಿಯವರು ಬಂದರು. ಯಾರೂ ಕರೆದಿರಲಿಲ್ಲ. ಹಿರಿಯ ಮುಂದೆ, ಹಿಂದೆ ಹನ್ನೆರಡು ಹದಿಮೂರು ಗಂಡಸರು.

"ಏನ್ರಿ ಧಣಿ, ಮಂದಿ ಬಂದಿಲ್ಲೇನ್ರಿ?"

"ಇಲ್ಲಪಾ."

"ಹಂಗಾರ ನಾವ ಎತ್ತೂಣ್ರಿ. ಯಾರ ಎತ್ಯಾರಂತ ತೊಲಿಗೇನ್ ಗೊತ್ತಾಗತೈತ್ರಿ?"

ಎತ್ತಿದರು. ಎರಡು ದಿನದಲ್ಲಿ ತೊಲೆ, ಜಂತೆ, ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮಣ್ಣು, ಎಲ್ಲ ಮುಗಿಸಿ ಬಡಿದು ಕೊಟ್ಟರು. ಅವರ ಸ್ವಂತ ಗೋಡೆಗಳು ಸೊಂಟದೆತ್ತರಕ್ಕೆ ನಿಂತಿದ್ದವು. ಊಟದ ಹೊತ್ತಿಗೆ ಅವರು ಅಂಗಳದಾಚೆ ಕೂತು ಧೋತರದ ತುದಿ ಚಾಚಿದರು. ಅತ್ತೆ ಮೇಲಿಂದ ರೊಟ್ಟಿ ಬಿಟ್ಟಳು, ಬಟ್ಟೆ ತಾಗದ ಹಾಗೆ. ಅವಳು ದಣಿದ ಮೇಲೆ ನಾನು ಹಾಕಿದೆ. ನಾನೂ ಹಾಗೇ ಹಾಕಿದೆ, ಮೇಲಿಂದ.

ಆಯಿಯೂ ಆ ದಿನ ಬಂದಿದ್ದಳು. ನನ್ನ ಸೊಂಟ ತಿಕ್ಕುತ್ತ, "ನಿನ್ನ ಬೆನ್ನಿಗೇ ನನ್ನ ಸೊಸೀದೂ ಐತಿ ಮಗಳ, ಇನ್ನೆರಡ ತಿಂಗಳಿಗೆ. ನಿಂದಾತಲ್ಲ, ನಮ್ಮದೂ ಆಗತೈತಿ ತಗೊ. ನಿನ್ನ ಗಂಡ ಒಬ್ಬ ಬಂದ್ರ ಅವನ್ನ ನೋಡಿ ನಾಕ ಮಂದಿ ಬರ್ತಾರ" ಅಂದಳು. ಅವಳ ಲೆಕ್ಕಾಚಾರವೆಲ್ಲ ನನ್ನ ಗಂಡನ ಆ ಉಳಿದ ನಾಲ್ಕು ದಿನಗಳ ಮೇಲೆ ನಿಂತಿತ್ತು. ಅವಳು ಹೇಳಿದ್ದು ನನಗೆ ಪೂರಾ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಅಂತ ಇವತ್ತು ಹೇಳಿಕೊಳ್ಳುವ ಹಾಗಿಲ್ಲ.

ಮಾಳಿಗೆಯಾದ ಮರುದಿನ ಗಂಡ ಬಾಗಿಲಿಗೆ ಕೀಲು ಚಿಲಕ ತರಲು ಗೋಕಾಕಕ್ಕೆ ಹೋದರು. ಅವರು ಅತ್ತ ಹೋದದ್ದೇ ತಡ, ಇತ್ತ ಗೌಡಶ್ಯಾನಿ, ಅಂದರೆ ಗೌಡರ ಹೆಂಡತಿ, ಬಂದಳು. ಎಂದೂ ನಮ್ಮ ಮನೆಗೆ ಬಂದವಳಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಮಾತು ತೆಗೆದಳು. "ನಿನ್ನ ಗಂಡ ಹುಡುಗಬುದ್ಧಿ ಮಾಡ್ಯಾನ, ಹೋಗಲಿ. ಮನಿಗೆಲ್ಲಾ ಗ್ವಾಮೂತ್ರ ಹೊಡಿ. ಗೌಡರ ಮುಂದ ಬಂದು ತಪ್ಪಾತ್ರಿ, ಇನ್ನ ಕೇರಿಗೆ ಹೋಗಂಗಿಲ್ಲ ಅನ್ನು. ಮುಗೀತು. ಇಲ್ಲಾಂದ್ರ ನೀ ಬ್ಯಾನಿ ತಿನ್ನೂ ಹೊತ್ತಿಗೆ ಯಾರ ಬರ್ತಾರವ್ವ? ಅಗಸರಾಕಿ ಬಟ್ಟಿ ಒಯ್ಯಂಗಿಲ್ಲ. ಬಾಂವಿ ನೀರ ಸೇದಾಕ ಬಿಡಂಗಿಲ್ಲ. ಕೂಸಿನ್ನ ತೊಟ್ಟಲಕ್ಕ ಹಾಕಾಕ ಒಬ್ಬಾಕಿನೂ ಬರಂಗಿಲ್ಲ."

ಅತ್ತೆ ನನ್ನ ಮುಖ ನೋಡಿದಳು. "ಊರಿಗೆ ಬಂದಾಕಿ ನೀರಿಗೆ ಬರದ ಇರಾಕ ಆಗತೈತೇನು" ಅಂದಳು. ಗಂಡ ಸಂಜೆಗೆ ಬರುವವರಿದ್ದರು. ಸಂಜೆಯವರೆಗೆ ಕಾಯಬಹುದಿತ್ತು. ನಾನು ಕಾಯಲಿಲ್ಲ.

ತಂಬಿಗೆ ಹಿಡಿದು, ಬೇವಿನ ಟೊಂಗೆ ಅದ್ದಿ, ಆ ಭಾರದ ಹೊಟ್ಟೆ ಹೊತ್ತು ನಾನೇ ಹೊಡೆದೆ. ಗೋಡೆಗೆ ಹೊಡೆದೆ, ಹೊಸ್ತಿಲಿಗೆ ಹೊಡೆದೆ. ಗೌಡಶ್ಯಾನಿ ಹೊರಗಿನಿಂದ, "ಆ ನಡುತೊಲಿಗೂ ಹೊಡಿ, ಅದನ್ನ ಅವರ ಎತ್ಯಾರ" ಅಂದಳು. ಕೈ ಎತ್ತಿ ತೊಲೆಗೂ ಹೊಡೆದೆ. ಕೈ ಇಳಿಸಿ ತಿರುಗಿದರೆ ಅಂಗಳದಲ್ಲಿ ಆಯಿ. ನನ್ನ ಹೊಟ್ಟೆ ನೋಡಲು ಬಂದವಳು, ಎಣ್ಣೆಯ ಗಿಂಡಿ ಕೈಯಲ್ಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅಳಲಿಲ್ಲ, ಬೈಯಲಿಲ್ಲ. ದೂರದಿಂದಲೇ ನನ್ನ ಹೊಟ್ಟೆ ನೋಡಿ, "ಕೆಳಗ ಇಳದೈತ್ರಿ ಅವ್ವಾರ. ಇನ್ನ ಮೂರ ನಾಕ ದಿನಾ ಅಷ್ಟ. ಹೇಳಿ ಕಳಸ್ರಿ, ಬರ್ತೀನ್ರಿ" ಅಂದು ಹೋದಳು. ಅಲ್ಲಿಂದ ಮುಂದೆ ಅವಳು ನನ್ನನ್ನು ಮಗಳೇ ಅನ್ನಲಿಲ್ಲ. ನಾನು ಅಲ್ಲಿಂದ ನೇರ ಚಾವಡಿಗೆ ಹೋಗಿ, ಅಷ್ಟು ಗಂಡಸರ ಮುಂದೆ ನಿಂತು, ತಪ್ಪಾತ್ರಿ ಅಂದೆ.

ಗಂಡ ಬಂದರು. ಅಗಸಿಯಲ್ಲೇ ಯಾರೋ ಹೇಳಿದ್ದರು. ಕೀಲು ಚಿಲಕದ ಗಂಟು ಕೆಳಗಿಟ್ಟು, "ನನ್ನ ಕೇಳಿದ್ರ ಬ್ಯಾಡ ಅಂತಿದ್ದೆ. ಅದು ನಿನಗ ಗೊತ್ತಿತ್ತು" ಅಂದರು. "ಹೆರಾಕಿ ನಾನ್ರಿ, ನೀವಲ್ಲ!" ಅಂತ ಕಿರುಚಿದೆ.

ಬೆಳಿಗ್ಗೆ ಸಲಿಕೆ ಹಿಡಿದು ಮತ್ತೆ ಕೇರಿಗೆ ಹೋದರು. ನಾನು ಅಡ್ಡ ಬರಲಿಲ್ಲ. ಅರ್ಧ ಗಳಿಗೆಯಲ್ಲಿ ತಿರುಗಿ ಬಂದರು, ಕಾಲಿಗೆ ಮಣ್ಣು ಹತ್ತಿರಲಿಲ್ಲ. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಒಂದೇ ಸಲ, ಬಹಳ ವರ್ಷದ ಮೇಲೆ. ಹಿರಿಯ ಗುಂಡಿಯ ಬಾಜೂ ನಿಂತು, "ಬ್ಯಾಡ್ರಿ ಧಣಿ, ನಮ್ಮ ಮುಯ್ಯಿ ಮುಟ್ಟೇತ್ರಿ" ಅಂದನಂತೆ. ಇನ್ನೂ ನಾಕ ದಿನಾ ಉಳದಾವಲ್ಲಪಾ ಅಂತ ಇವರು ಅಂದದ್ದಕ್ಕೆ, "ಉಳದಿಲ್ರಿ. ನಾವು ಮಾಡಿದ್ದನ್ನ ನಿಮ್ಮ ಮನ್ಯಾಗ ತೊಳದಾರ. ಇನ್ನ ನೀವು ಬಂದ್ರ ನಿಮ್ಮನ್ನೂ ತೊಳೀಬೇಕಾಗತೈತಿ. ಹೋಗ್ರಿ, ಮನ್ಯಾಗ ದಿವಸ ತುಂಬಿದಾಕಿ ಅದಾಳ" ಅಂದನಂತೆ.

ಹುಣ್ಣಿಮೆಯ ಹಿಂದಿನ ದಿನ ಮಗ ಹುಟ್ಟಿದ. ಆಯಿ ಹೇಳಿಕಳಿಸಿದ ಕೂಡಲೇ ಬಂದಳು. ಹೆರಿಗೆಗೆ ಮಾತ್ರ ಅವಳು ಒಳಗೆ ಬರಬಹುದಿತ್ತು. ಹೆತ್ತ ಮನೆ ಹೇಗೂ ಮೈಲಿಗೆ ಅಂತ ಶಾಸ್ತ್ರ, ಎಂಥ ಶಾಸ್ತ್ರವೋ! ಕೂಸು ಅಡ್ಡ ತಿರುಗಿತ್ತು. ಅವಳ ಕೈ ಇಲ್ಲದಿದ್ದರೆ ನಾನೂ ಇಲ್ಲ, ಅವನೂ ಇಲ್ಲ. ಹನ್ನೊಂದು ದಿನ ಬಂದು ಎರೆದು ಹೋದಳು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಊರು ಬಂತು. ಅಯ್ಯ, ಹೇಗೆ ಬಂತು! ಒಬ್ಬಳು ಅಂಟಿನುಂಡೆ ತಂದಳು, ಒಬ್ಬಳು ಕೌದಿ ತಂದಳು, ಒಬ್ಬಳು ತನ್ನ ಮನೆಯ ತೊಟ್ಟಿಲನ್ನೇ ಹೊರಿಸಿಕೊಂಡು ಬಂದಳು. ಕೇರಿಯವರು ಎತ್ತಲಿ ಅಂದಿದ್ದ ಹೆಂಗಸು ಎಲ್ಲರಿಗಿಂತ ಮೊದಲು ಬಂದು ಜೋಗುಳ ಹಾಡಿದಳು. ಒಬ್ಬರು ಹಿಂಗಾರಿಗೆ ಬೀಜದ ಜೋಳ ಕೊಟ್ಟರು, ಒಬ್ಬರು ಎತ್ತು ಕೊಟ್ಟರು. ಆ ವರ್ಷ ನಾವು ಉಳಿದದ್ದು ಅದರಿಂದಲೇ. ಸುಳ್ಳು ಯಾಕೆ ಹೇಳಲಿ, ನನಗೆ ಹಿತವಾಗಿತ್ತು. ಮಂದಿಯ ನಡುವೆ ಕೂತು ಉಡಿ ತುಂಬಿಸಿಕೊಳ್ಳುವಾಗ ಕೇರಿಯ ನೆನಪು ನನಗೆ ಬರಲಿಲ್ಲ.

ಕೇರಿಗೆ ಊರಿನ ಒಬ್ಬ ಗಂಡಸೂ ಹೋಗಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಅವರು ಸೊಂಟದೆತ್ತರದ ಗೋಡೆಯ ಮೇಲೆ ಕಣಿಕೆ, ಒಣಗಿದ ಜೋಳದ ದಂಟು, ಹೊಚ್ಚಿಕೊಂಡು ಆ ಚಳಿಗಾಲ ಕಳೆದರು. ಕೆಲವು ವರ್ಷಕ್ಕೆ ಅವರು ಬುದ್ಧನ ದಾರಿ ಹಿಡಿದು, ಊರಿನ ಬಿಟ್ಟಿ ಚಾಕರಿಯನ್ನೆಲ್ಲ ಬಿಟ್ಟರು. "ಸೊಕ್ಕ ಬಂದೈತಿ, ಊರಿನ ಒಗ್ಗಟ್ಟ ಮುರದ್ರು" ಅಂತ ಚಾವಡಿಯಲ್ಲಿ ಮಾತಾಡಿಕೊಂಡರು. ಯಾವ ಬಾಯಿಂದ ಅಂದರೋ, ನಾಲಿಗೆಗೆ ಹುಳ ಬೀಳಲಿಲ್ಲ.

ಆದರೆ ಅದು ಮುಂದಿನ ಮಾತು. ಆ ವರ್ಷ ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ನಾನು ಹೊಳೆಗೆ ಬಟ್ಟೆ ಒಗೆಯಲು ಹೋದೆ. ಕೆಳಗಡೆ, ಕೇರಿಯವರ ಕಲ್ಲಿನ ಹತ್ತಿರ, ಆಯಿ ಕೌದಿ ಒಗೆಯುತ್ತಿದ್ದಳು. ಮಾತಾಡಿಸದೆ ಹೋಗಲು ಮನಸ್ಸು ಬರಲಿಲ್ಲ.

"ಆಯಿ, ನಿಮ್ಮ ಸೊಸೀದು ಹೆರಿಗಿ ಆತೇನು?"

"ಆತ್ರಿ ಅವ್ವಾರ."

"ಏನ್ ಕೂಸು?"

"ಗಂಡ್ರಿ."

"ಛಲೋ ಐತಿಲ್ಲ?"

ಅವಳು ಕೌದಿ ಹಿಂಡಿ ಕಲ್ಲಿನ ಮೇಲಿಟ್ಟಳು. "ಇಲ್ರಿ. ಒಂಬತ್ತ ದಿನಾ ಇತ್ತು. ಮ್ಯಾಲ ಕಣಿಕಿ ಅಲ್ರಿ, ಗಾಳಿ ಬಾಳ ಬರ್ತಿತ್ತು" ಅಂದಳು. ಆಮೇಲೆ ಅವಳೇ, "ನಿಮ್ಮ ಕೂಸಿನ ನೆತ್ತಿಗೆ ಎಣ್ಣಿ ಹಚ್ಚೂದ ಬಿಡಬ್ಯಾಡ್ರಿ, ಥಂಡಿ ಇನ್ನೂ ಐತಿ" ಅಂದಳು. ನಾನು ಹ್ಞೂಂ ಅಂದೆ. ಅರ್ಧ ಒಗೆದ ಬಟ್ಟೆಯನ್ನು ಬುಟ್ಟಿಗೆ ತುಂಬಿಕೊಂಡು ಮನೆಗೆ ಬಂದೆ.

ಗಂಡ ಊಟಕ್ಕೆ ಕೂತಾಗ ಹೇಳಿದೆ. ಅವರು ರೊಟ್ಟಿ ಮುರಿಯುವ ಕೈ ನಿಲ್ಲಿಸಲಿಲ್ಲ.

"ಗೊತ್ತೈತಿ. ಕೂಸಿನ ಕುಣಿ ತೋಡಾಕ ಹೋಗಿದ್ದೆ" ಅಂದರು.

"ಸಲಿಕಿ ಹಿಡಕೊಂಡು ಹೋದ್ರ ಅವರು ಬ್ಯಾಡ ಅನ್ನಲಿಲ್ಲೇನ್ರಿ?"

"ಇಲ್ಲ. ಅವತ್ತ ಬ್ಯಾಡ ಅನ್ನಲಿಲ್ಲ."